ಪ್ರೋಹರನಿಗೆ ಹಂಚಿದ ಪ್ರಶ್ನೆ

ನನ್ನ ಗಂಡ ಪ್ರೋಹರ್ ಜೈಲಿಗೆ ಹೋದದ್ದು ಒಂದು ಪ್ರಶ್ನೆ ಕೇಳಿ. ಅದೂ ಅವನ ಸ್ವಂತದ್ದಲ್ಲ. ಸ್ವಂತ ಪ್ರಶ್ನೆ ಕೇಳುವಷ್ಟು ಗುಂಡಿಗೆ ವೋಲ್ಗಾ ದಡದ ನಮ್ಮ ಬಟ್ಟೆ ಗಿರಣಿಯಲ್ಲಿ ಯಾವ ಗಂಡಸಿಗಿತ್ತು, ಬಿಡಿ.

ಪಾಳಿಗೆ ಮುಂಚೆ ದಿನಾ ಸಭೆ. ಪಕ್ಷದ ಕಾರ್ಯದರ್ಶಿ ಗ್ಲೇಬ್ ಸವೇಲಿಚ್ ಪತ್ರಿಕೆ ಓದಿ, ಕೊನೆಗೆ ಪ್ರಶ್ನೆಗಳಿವೆಯೇ ಅನ್ನುತ್ತಿದ್ದ. ಯಾರೂ ಕೇಳದಿದ್ದರೆ ನಿಮ್ಮ ಕಾರ್ಮಿಕರಿಗೆ ರಾಜಕೀಯ ಪ್ರಜ್ಞೆಯೇ ಇಲ್ಲವೆಂದು ಮೇಲಿನವರು ಅವನಿಗೆ ಉಗಿಯುತ್ತಿದ್ದರು. ಹಾಗಾಗಿ ಪ್ರಶ್ನೆಗಳನ್ನೂ ಅವನೇ ಮೊದಲೇ ಹಂಚುತ್ತಿದ್ದ. ೧೯೩೯ರ ಆಗಸ್ಟಿನಲ್ಲಿ ಪ್ರೋಹರನ ಸರದಿ. ಹಿಟ್ಲರ್ ನಮ್ಮ ಮೇಲೆ ಬಿದ್ದೇ ಬೀಳುತ್ತಾನೆ, ನಾವು ತಯಾರಿದ್ದೇವೆಯೇ? ಪಾಪ, ಎಲೆಕೋಸಿನ ಸಾರು ಹೀರುತ್ತಾ ವಾರವಿಡೀ ಅದನ್ನೇ ಉರು ಹೊಡೆದ.

ಆ ಬೆಳಿಗ್ಗೆ ಪತ್ರಿಕೆಯಲ್ಲಿ ಬೇರೆಯೇ ಕಥೆ. ಜರ್ಮನಿಗೂ ನಮಗೂ ಒಪ್ಪಂದವಂತೆ, ಹತ್ತು ವರ್ಷ ಒಬ್ಬರ ಮೇಲೊಬ್ಬರು ಕೈಮಾಡುವಂತಿಲ್ಲವಂತೆ! ನಿನ್ನೆಯವರೆಗೆ ಹುಚ್ಚುನಾಯಿ ಎಂದು ಬೈದ ಬಾಯಲ್ಲೇ ಗ್ಲೇಬ್ ಸವೇಲಿಚ್ ಮಿತ್ರರಾಷ್ಟ್ರ ಎಂದು ತೊದಲಿದ. ಗಾಬರಿಯಲ್ಲಿ ಹಂಚಿದ ಪ್ರಶ್ನೆ ವಾಪಸು ತೆಗೆದುಕೊಳ್ಳಲು ಮರೆತ. ರೂಢಿಯಂತೆ ಪ್ರೋಹರನತ್ತ ಕೈ ತೋರಿಸಿಯೂಬಿಟ್ಟ. ಮಗ್ಗಗಳ ಸದ್ದಿನಲ್ಲೇ ದುಡಿದು ನನ್ನ ಗಂಡನಿಗೆ ಕಿವಿ ಮಂದ, ಓದಿದ್ದು ಒಂದಕ್ಷರವೂ ಕೇಳಿಸಿರಲಿಲ್ಲ. ಕೈ ಕಂಡಿತು, ಎದ್ದು ನಿಂತ, ಎದೆ ಸೆಟೆಸಿ ಕೇಳಿದ. ಎಷ್ಟು ಚೆನ್ನಾಗಿ ಕೇಳಿದ ಅಂತೀರಿ!

ಸಂಜೆಗೆ ಭದ್ರತಾ ಪೊಲೀಸರು ಬಂದು ಅವನನ್ನು ಎಳೆದೊಯ್ದರು. ಮಿತ್ರದೇಶವನ್ನು ಅವಮಾನಿಸಿದ್ದಕ್ಕೆ ಎಂಟು ವರ್ಷ. ಪ್ರಶ್ನೆ ನನ್ನದು ಎಂದು ಗ್ಲೇಬ್ ಸವೇಲಿಚ್ ತುಟಿ ಪಿಟಕ್ಕೆನ್ನಲಿಲ್ಲ.

೧೯೪೧ರ ಜೂನಿನಲ್ಲಿ ಹಿಟ್ಲರ್ ಬಿದ್ದೇ ಬಿದ್ದ. ನಮ್ಮ ಕಾರ್ಯದರ್ಶಿ ಅದೇ ವೇದಿಕೆ ಹತ್ತಿ, ಇದು ನಮಗೆ ಮೊದಲೇ ಗೊತ್ತಿತ್ತು ಎಂದು ಗುಡುಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರೇ ಅವನ ತೋಳು ಹಿಡಿದು, ಹಾಗಾದರೆ ಬಾ, ನನ್ನ ಗಂಡನ ಪರ ಸಾಕ್ಷಿ ಹೇಳು ಎಂದೆ. ಅಷ್ಟು ಜನರ ಮುಂದೆ ಒಲ್ಲೆ ಅನ್ನಲಾಗದೆ ದೇಶಭಕ್ತನ ಗತ್ತಿನಲ್ಲೇ ಹೊರಟ.

ಭದ್ರತಾ ಕಚೇರಿಯಲ್ಲಿ ಒಬ್ಬ ಎಳೆಯ ಅಧಿಕಾರಿಯಿದ್ದ. ನನ್ನ ಗಂಡ ಕೇಳಿದ್ದು ಅಕ್ಷರಶಃ ನಿಜವಾಗಿದೆ, ಇನ್ನಾದರೂ ಬಿಡಿ ಎಂದು ಬೇಡಿಕೊಂಡೆ.

“ನಿಜವಾಯ್ತಲ್ಲ, ಅದೇ ತೊಂದರೆ ಕಣಮ್ಮ,” ಎಂದ ಅವನು. “ಸರ್ಕಾರಕ್ಕೇ ಗೊತ್ತಿಲ್ಲದ್ದು ನಿನ್ನ ಗಂಡನಿಗೆ ಅಷ್ಟು ಮೊದಲೇ ಹೇಗೆ ಗೊತ್ತಾಯ್ತು? ಯಾರು ಹೇಳಿದ್ರು?”

ಗ್ಲೇಬ್ ಸವೇಲಿಚ್ ನನ್ನ ತೋಳು ಜಗ್ಗಿದ. “ಬೇಡ ಲುಕೇರ್ಯಾ, ನಿನ್ನ ದಮ್ಮಯ್ಯ,” ಎಂದು ಪಿಸುಗುಟ್ಟಿದ. ಪ್ರೋಹರನಿಗಾಗಿ ಸುಳ್ಳು ಹೇಳಲೂ ತಯಾರಾಗಿಯೇ ಬಂದಿದ್ದೆ. ಅದರ ಅಗತ್ಯವೇ ಬೀಳಲಿಲ್ಲ.

“ಇಗೋ, ಇವರೇ ಹೇಳ್ಕೊಟ್ಟಿದ್ದು,” ಎಂದೆ. “ಈಗ ನನ್ನ ಗಂಡನ್ನ ಬಿಡಿ.”

ಅಧಿಕಾರಿ ಗಂಟೆ ಒತ್ತಿದ. ಇಬ್ಬರು ಬಂದು ಗ್ಲೇಬ್ ಸವೇಲಿಚ್‌ನನ್ನು ಒಳಬಾಗಿಲಿನಿಂದ ಕರೆದೊಯ್ದರು. ಸುಳ್ಳೇಕೆ, ನನ್ನ ಹೊಟ್ಟೆ ತಣ್ಣಗಾಯಿತು. ಪ್ರೋಹರ್ ಯಾವಾಗ ಬರುತ್ತಾನೆ ಎಂದು ಕೇಳಿದೆ. ಇಲ್ಲಿಯವರೆಗೆ ಅದು ಒಬ್ಬ ಪೆದ್ದನ ಬಾಯಿಹರುಕುತನ, ಈಗ ಇಬ್ಬರು ಸೇರಿ ಮಾಡಿದ ಪಿತೂರಿ, ಹಾಗಾಗಿ ಇನ್ನೂ ಐದು ವರ್ಷ ಜಾಸ್ತಿ ಎಂದ. ಆಮೇಲೆ ಬಾಗಿಲವರೆಗೂ ಬಂದು, ಸಹಕಾರ ಕೊಟ್ಟಿದ್ದಕ್ಕೆ ನನ್ನ ಕೈಕುಲುಕಿದ.