ವಾಹನ ಸಂಖ್ಯೆಯ ಖಾನೆ

ಬೀಜದ ಅಂಗಡಿಯ ಸಕ್ರಪ್ಪ ಶವ ಹೊರುವ ವಿಮಾನದ ಬಿದಿರಿಗೆ ಬಾಳೆಕಂಬ ಬಿಗಿಯುತ್ತಿದ್ದಾಗ ಅಮೀರಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬೆಟಗೇರಿಯ ಆ ಮನೆಗೆ ಅವಳು ಕಾಲಿಡದೆ ಎರಡು ತಿಂಗಳಾಗಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ಉಳವಪ್ಪನವರ ಹಣೆಗೆ ಆಗಲೇ ವಿಭೂತಿ ಬಳಿದಿದ್ದರು. ಹಿಂದಿನ ದಿನ ಸಂಜೆ ಚಹಾ ಕುಡಿಯುವಾಗ ಎದೆ ಹಿಡಿದುಕೊಂಡವರು, ದವಾಖಾನೆ ಮುಟ್ಟುವ ಮೊದಲೇ ತೀರಿಕೊಂಡಿದ್ದರು.

"ಬಾ ಅಮೀರಾ," ಎಂದಳು ಅವರ ಹೆಂಡತಿ ಬಸವಣ್ಣೆವ್ವ. "ಸಿಟ್ಟು ಇಳೀತೇನು?"

"ಸಿಟ್ಟಲ್ರಿ ಅಕ್ಕಾರ."

"ಅವ್ರೂ ಹಂಗ ಅಂತಿದ್ರು. ಸಿಟ್ಟಲ್ಲ ಸಿಟ್ಟಲ್ಲ ಅಂತ ಫೋನ್ ಮಾತ್ರ ಹಚ್ಚತಿದ್ದಿಲ್ಲ."

ಅಮೀರಾ ಅವಳ ಪಕ್ಕ ಕುಳಿತಳು. ಕೈಯಲ್ಲಿದ್ದ ಫೋನು ನಡುಗಿತು. ಲಕ್ಷ್ಮೇಶ್ವರದಿಂದ ಜೊತೆಗಾರ ನಯಾಜ ಬರೆದಿದ್ದ: "ನಾಳಿ ಬೆಳಿಗ್ಗೆ ಅಂಗಡಿಗಳಿಗೆ ಈ ವರ್ಷದ ಬದಲಾವಣೆ ಕಳಸಬೇಕು. ಈಗ ಸರ್ ಇಲ್ಲ. ನಿಂದ ಹೊಸಾದು ಬಿಡೂಣೇನು? ಸಂಜಿಯೊಳಗ ಹೇಳು."

ಅವಳು ಫೋನನ್ನು ಬೋರಲು ಹಾಕಿಟ್ಟಳು.

*

ಡಿಪ್ಲೊಮಾ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದ ಉಳವಪ್ಪ ಇಪ್ಪತ್ತು ವರ್ಷಗಳ ಹಿಂದೆ 'ಮಗ್ಗ' ಬರೆದಿದ್ದರು. ಅಂಗಡಿ, ಗೋದಾಮು, ಛಾಪಖಾನೆಗಳ ವ್ಯವಹಾರಕ್ಕೆ ಬೇಕಾದ ತಂತ್ರಾಂಶವನ್ನು ಅದರ ಮೇಲೆ ಕಟ್ಟಿಕೊಳ್ಳಬಹುದಾದ ಚೌಕಟ್ಟು ಅದು. ಮೂಲಬರಹ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ಓದಿ, ತಿದ್ದಿ, ಪುಕ್ಕಟೆ ಬಳಸಬಹುದಿತ್ತು. ಜಿಲ್ಲೆಯ ನಲವತ್ತು ಅಂಗಡಿಗಳು ಅದನ್ನು ನೆಚ್ಚಿದ್ದವು. ಅಮೀರಾ, ನಯಾಜರಂಥ ಹಳೆಯ ವಿದ್ಯಾರ್ಥಿಗಳು ಬಿಡುವಿನಲ್ಲಿ ಕೈಜೋಡಿಸುತ್ತಿದ್ದರು. ಏನೇ ಬದಲಾದರೂ ಉಳವಪ್ಪ ಮತ್ತು ಅಮೀರಾ ಇಬ್ಬರೂ ಒಪ್ಪಬೇಕಿತ್ತು.

ಇಪ್ಪತ್ತು ವರ್ಷದ ತೇಪೆಗಳಿಂದ ಮಗ್ಗ ಸಿಕ್ಕುಸಿಕ್ಕಾಗಿತ್ತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಮುರಿಯುತ್ತಿತ್ತು. ಅಮೀರಾ ಏಳು ತಿಂಗಳು ಕುಳಿತು ಪೂರ್ತಿ ಹೊಸದನ್ನು ಬರೆದಳು. ಉಳವಪ್ಪ ಅದನ್ನು ಸಾಲುಸಾಲಾಗಿ ಓದಿ, ಅವಳನ್ನು ಪಕ್ಕದ ನೇಕಾರರ ಮನೆಗೆ ಕರೆದೊಯ್ದರು. ಅಲ್ಲಿ ದೇವವ್ವ ಎಂಬ ಮುದುಕಿ ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ, ಎಂದರೆ ಉದ್ದನೂಲಿನ, ಒಂದೊಂದೇ ಎಳೆಗೆ ಹೊಸ ಹಾಸಿನ ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸುತ್ತಿದ್ದಳು.

"ಇದಕ್ಕ ಕೆಚ್ಚೂದು ಅಂತಾರ," ಎಂದರು ಉಳವಪ್ಪ. "ಹಳೇ ಹಾಸು ಹರದು ಒಗಿಯೂದಿಲ್ಲ. ಹೊಸಾದು ಹಳೇದರ ಬೆನ್ನಹಿಂದ ಬರತೈತಿ. ಒಂದೊಂದ ಭಾಗ ಬದಲ ಮಾಡೂಣು."

"ಮಗ್ಗಾನ ಹುಳಾ ತಿಂದಿದ್ರ ಏನ ಮಾಡ್ತೀರಿ ಸರ್?"

ದೇವವ್ವ ನಕ್ಕಳು. ಉಳವಪ್ಪ ನಗಲಿಲ್ಲ. "ಒಂದ ದಿನ ಶಿರಹಟ್ಟಿಗೆ ಹೋಗಿ ಸಕ್ರಪ್ಪನ ಬೀಜದ ಅಂಗಡ್ಯಾಗ ಕುಂತು ಬಾ. ಆಮ್ಯಾಲೆ ಮಾತಾಡೂಣು."

"ಕುಂತು ನೋಡೂದೇನೈತಿ? ಖಾನೆ, ನಿಯಮ ಎಲ್ಲಾ ಬರದೈತಲ್ಲ."

ಅದೇ ಅವರಿಬ್ಬರ ನಡುವಿನ ಕೊನೆಯ ಮಾತಾಯಿತು.

*

ಮಣ್ಣು ಕೊಟ್ಟು ರುದ್ರಭೂಮಿಯಿಂದ ಹೊರಬರುವಾಗ ಸಕ್ರಪ್ಪ ಅಮೀರಾಳ ಜೊತೆ ಹೆಜ್ಜೆ ಹಾಕಿದ.

"ತಂಗಿ, ಇವತ್ತ ಕೇಳಬಾರ್ದು. ಆದ್ರ ಹೆಸರಕಾಳು ಬಿತ್ತೂ ಟೈಮು, ಅಂಗಡ್ಯಾಗ ಕಾಲಿಡಾಕ ಜಾಗ ಇರೂದಿಲ್ಲ. ನಾಳಿ ಏನರ ಬದ್ಲಾಗತೈತೇನು?"

"ಬದ್ಲಾದ್ರೂ ನಿಮಗ ತ್ರಾಸಿಲ್ರಿ ಅಣ್ಣಾರ. ಖಾನೆಗೊಳು ಅವ ಇರ್ತಾವು. ಹೆಸರು, ಊರು, ಬೀಜ, ವಾಹನ ಸಂಖ್ಯೆ. ತಪ್ಪ ನಂಬರ್ ಹೊಡದ್ರ ತಗೊಳ್ಳೂದಿಲ್ಲ, ಅಷ್ಟ."

ಸಕ್ರಪ್ಪ ನಿಂತ. "ಅಲ್ಲಿ ನಂಬರ್ ಯಾರ ಹೊಡಿತಾರ?"

"ಮತ್ತೇನ ಹೊಡಿತೀರಿ?"

"ಸೊರಟೂರಿಂದ ಏಳು ಮಂದಿ ಹನಮಪ್ಪಗೊಳು ಬರ್ತಾರ. ನಾಕು ಮಂದಿದು ಅಡ್ಡಹೆಸರೂ ಒಂದ. ಚೀಲ ತಯಾರಾತು ಹನಮಪ್ಪ ಅಂದ್ರ ಏಳೂ ಮಂದಿ ಎದ್ದ ಬರ್ತಾರ. ಚೀಟಿ ಮ್ಯಾಲೆ ವಾಹನ ಸಂಖ್ಯೆ ಒಂದ ದಪ್ಪ ಅಕ್ಷರದಾಗ ಬರತೈತಿ. ಎತ್ತಿನ ಗಾಡಿಗೆ ನಂಬರ್ ಎಲ್ಲಿಂದ ತರೂದು? ಅದಕ್ಕ ಅಲ್ಲಿ ಬಾವಿ ಹನಮಪ್ಪ, ಸಾಲಿ ಬಾಜು ಹನಮಪ್ಪ ಅಂತ ಹೊಡೀತೀವಿ. ಅದನ್ನ ನೋಡಿ ಹಮಾಲ ಕೂಗ್ತಾನ."

"ಸರ್‌ಗೆ ಗೊತ್ತಿತ್ತೇನ್ರಿ?"

"ಗೊತ್ತಾದಾಗ ಬೈದ್ರು. ಕತ್ತೆಗೊಳ ಏನೋ ನೀವು ಅಂದ್ರು. ಆಮ್ಯಾಲೆ ಒಂದ ದಿನ ಪೂರ್ತಿ ಅಂಗಡ್ಯಾಗ ಕುಂತು ನೋಡಿ, ಆ ಖಾನೆ ಇನ್ನಷ್ಟ ಉದ್ದ ಮಾಡಿಕೊಟ್ರು."

"ನನಗ ಹೇಳಬೇಕಿತ್ತು ಅವ್ರು."

"ನಮ್ಮ ಅಂಗಡಿಗೆ ಬಾ ಅಂತ ಹೇಳಿದ್ರಂತಲ್ಲ," ಎಂದ ಸಕ್ರಪ್ಪ. "ನಾ ಚಹಾಕ್ಕ ಹಾಲು ತರಿಸಿಟ್ಟಿದ್ದೆ."

*

ಸಂಜೆ ಐದಕ್ಕೆ ಅಮೀರಾ ತನ್ನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಳು. ಸಕ್ರಪ್ಪ ಕಳಿಸಿದ ಮೂರು ವರ್ಷದ ಚೀಟಿಗಳನ್ನೆಲ್ಲ ತನ್ನ ಹೊಸ ಮಗ್ಗಕ್ಕೆ ಉಣಿಸಿದಳು. ಮೊದಲ ಪುಟದಲ್ಲಿ ಎರಡು ಸಾಲು ಬಿಟ್ಟು ಉಳಿದವೆಲ್ಲ ಕೆಂಪಾದವು. ಎರಡನೆಯ ಪುಟ ಪೂರ್ತಿ ಕೆಂಪು.

ನಯಾಜನಿಗೆ ಬರೆದಳು: "ನಾಳಿ ಬ್ಯಾಡ. ಹೊಸಾದು ಇಡಿಯಾಗಿ ಬಿಡೂದ ಬ್ಯಾಡ. ಒಂದ ಖಾನೆಯಿಂದ ಕೆಚ್ಚಿಕೋತ ಹೋಗೂಣು."

"ಏಳು ತಿಂಗಳ ಕೆಲಸಲೇ," ಎಂದು ಅವನ ಉತ್ತರ ಬಂತು. "ಹಿಂಗಾದ್ರ ಮೂರು ವರ್ಷ ಹಿಡಿತೈತಿ."

"ಹಿಡೀಲಿ."

ವಾಹನ ಸಂಖ್ಯೆಯ ಖಾನೆಗೆ ತಾನು ಹಾಕಿದ್ದ ನಿಯಮ ತೆಗೆಯುವ ಮೊದಲು ಅಲ್ಲಿ ಯಾರ್ಯಾರು ಏನೇನು ಬರೆದಿದ್ದಾರೆಂದು ಓದತೊಡಗಿದಳು. 'ಕರಿ ಎತ್ತಿನವರು.' 'ಬೀಗರ ಟ್ರ್ಯಾಕ್ಟರ್, ಸಂಜಿಗೆ ಬರತೈತಿ.' 'ಕಿವಿ ಕೇಳೂದಿಲ್ಲ, ಹತ್ರ ಹೋಗಿ ಕರೀರಿ.' ಮೂವತ್ತನೆಯ ಪುಟದ ನಡುವೆ ಕಳೆದ ಆಷಾಢದ ಒಂದು ಚೀಟಿಯಿತ್ತು. ಹೆಸರು: ಉಳವಪ್ಪ. ಊರು: ಬೆಟಗೇರಿ. ಹೀರೆ ಬೀಜ, ಒಂದು ಪೊಟ್ಟಣ. ವಾಹನ ಸಂಖ್ಯೆ: 'ನಮ್ಮ ಸರ್, ಬಸ್ಸಿಗೆ ಹೋಗಾವ್ರು, ಜಲ್ದಿ ಕೊಡ್ರಿ.'

ಅದರ ಕೆಳಗೆ ಅವಳೇ ಬರೆದ ಸೂಚನೆ ಕೆಂಪಕ್ಷರದಲ್ಲಿ ಮೂಡಿ ನಿಂತಿತ್ತು: ಈ ವಿವರ ತಪ್ಪಾಗಿದೆ. ಸರಿಪಡಿಸಿ ಮುಂದುವರಿಯಿರಿ.