ಉಸಿರು ಕಟ್ಟಿದ ಅಂಗಿ

ನಮ್ಮ ಅಂಗಿ ಕಾರ್ಖಾನೆಯ ಹೊಲಿಗೆ ಹಾಲ್‌ನಲ್ಲಿ ಮನುಷ್ಯರ ಚಾಳಿಗಳೆಲ್ಲ ಅಂಗಿಗಳಿಗೂ ಇದ್ದವು. ಕಾಲರು ಒಂದು ಪಕ್ಕಕ್ಕೆ ಎಳೆದರೆ ಅದು ‘ಮೂತಿ ತಿರುವಿದೆ’. ಹೊಲಿಗೆ ನಿರಿಗೆಗಟ್ಟಿದರೆ ‘ಮುನಿಸಿಕೊಂಡಿದೆ’. ಗುಂಡಿಗಳ ನಡುವೆ ಸಂದು ಬಿಟ್ಟರೆ ‘ಹಲ್ಲು ಕಿರಿದಿದೆ’. ಜೇಬು ಉಬ್ಬಿದರೆ ‘ಹೊಟ್ಟೆ ಬಂದಿದೆ’. ಇವು ಯಾವ ಪುಸ್ತಕದಿಂದಲೂ ತಂದವಲ್ಲ. ನಲವತ್ತು ಮಿಷನ್ನುಗಳ ಹಿಂದೆ ಕೂತು ಬೆನ್ನು ಸವೆಸಿಕೊಂಡ ಹೆಂಗಸರು ವರ್ಷಾನುಗಟ್ಟಲೆ ಕೂಡಿಸಿಟ್ಟ ಮಾತುಗಳು. ಸಾಲಿನ ತುದಿಯಲ್ಲಿ ಕೂತು ಅಂಗಿ ಪರೀಕ್ಷಿಸುವ ಚೆಕಿಂಗ್ ಅಕ್ಕ ಅವನ್ನು ಇಡೀ ಹಾಲ್‌ಗೆ ಕೇಳುವಂತೆ ಕೂಗುತ್ತಿದ್ದರು.

“ಕಾಲರಿನವಳೇ, ನಿನ್ನ ಮಗ ಮೂತಿ ತಿರುವ್ಕೊಂಡು ಬಂದ ನೋಡೇ!”

ಕಾಲರಿನವಳು ನಾನು. “ಅವರಪ್ಪನ ಥರ ಬಿಡಿ ಅಕ್ಕ,” ಅನ್ನುತ್ತಿದ್ದೆ. ಇಡೀ ಹಾಲ್ ಗೊಳ್ಳೆನ್ನುತ್ತಿತ್ತು. ಆ ನಗು ಮುಗಿಯುವುದರೊಳಗೆ ನನ್ನ ಕೈ ಬಟ್ಟೆಯನ್ನು ಸರಿಯಾಗಿ ಹಿಡಿದಿರುತ್ತಿತ್ತು.

ಹೊಸ ಮ್ಯಾನೇಜರು ಬಂದ ದಿನವೇ ಕಿವಿ ಮುಚ್ಚಿಕೊಂಡರು. “ಇದೇನು ಕಾರ್ಖಾನೆನಾ, ಸಂತೆನಾ?”

ಮರುದಿನ ಗೋಡೆಗೆ ಪಟ್ಟಿ ಬಂತು: ನಲವತ್ತೆರಡು ದೋಷ, ನಲವತ್ತೆರಡು ನಂಬರು. ಇನ್ನು ಕೂಗುವಂತಿಲ್ಲ. ನಂಬರನ್ನು ಚೀಟಿಯಲ್ಲಿ ಬರೆದು ಅಂಗಿಗೆ ಅಂಟಿಸಿ ವಾಪಸು ಕಳಿಸಬೇಕು. ಶನಿವಾರ ಅಕ್ಕನಿಗೆ ಪರೀಕ್ಷೆ. ಪಟ್ಟಿ ನೋಡದೆ ನಂಬರು ಹೇಳಬೇಕು; ಬಾರದಿದ್ದರೆ ಕೆಳಗಿನ ಇಸ್ತ್ರಿ ವಿಭಾಗಕ್ಕೆ ವರ್ಗ.

ಇಸ್ತ್ರಿಯಲ್ಲಿ ಎಂಟು ಗಂಟೆ ನಿಂತೇ ಇರಬೇಕು. ಅಕ್ಕನ ಮೊಣಕಾಲುಗಳು ಹತ್ತು ನಿಮಿಷ ನಿಂತರೆ ಗೋಳಿಡುವಂಥವು. ಚಿಂದಿ ತುಂಬಿ ತಾವೇ ಹೊಲಿದ ದಿಂಬಿನ ಆ ಸ್ಟೂಲು ಹೋದರೆ ಅವರ ಕೆಲಸವೇ ಹೋದಂತೆ. ಒಬ್ಬರನ್ನು ತೆಗೆದುಹಾಕುತ್ತೇವೆ ಎಂದು ಬಾಯಿಬಿಟ್ಟು ಹೇಳದೆ ತೆಗೆದುಹಾಕುವುದಕ್ಕೆ ಮೇಲಿನವರ ಭಾಷೆಯಲ್ಲಿ ‘ವರ್ಗ’ ಎಂದು ಹೆಸರು.

ಊಟದ ಬಿಡುವಿನಲ್ಲಿ ನಾನು ಪಾಠ ಶುರುಮಾಡಿದೆ.

“ಹದಿನೇಳು?”

“ಮುನಿಸ್ಕೊಂಡಿರೋದು.”

“ಅಲ್ಲ ಅಕ್ಕ, ಅದು ಇಪ್ಪತ್ತೊಂಬತ್ತು.”

“ಇಪ್ಪತ್ತೊಂಬತ್ತಾ? ಸರಿ ಬಿಡು, ನಮ್ಮ ನಾದಿನಿಗೆ ಮದುವೆ ಆಗಿದ್ದು ಇಪ್ಪತ್ತೊಂಬತ್ತಕ್ಕೆ. ಅವತ್ತಿಂದ ಮುಖ ಊದಿಸ್ಕೊಂಡೇ ಇದಾಳೆ. ಇನ್ನು ಮರೆಯಲ್ಲ.”

“ಹಾಗಾದ್ರೆ ಹದಿನೇಳು?”

“ಅದೂ ನಾದಿನಿನೇ ಕಣೇ. ನನಗೆ ಇನ್ಯಾರೂ ನೆನಪಿಗೇ ಬರಲ್ಲ!”

ಪಕ್ಕದಲ್ಲಿ ಕೂತಿದ್ದ ಗೆಳತಿ ಬಿರುಗಾಳಿಗೆ ನಕ್ಕೂ ನಕ್ಕೂ ಊಟ ನೆತ್ತಿಗೇರಿತು. ಅವಳದು ತೋಳು ಜೋಡಿಸುವ ಕೆಲಸ. ಕೈಯ ವೇಗಕ್ಕೆ ನಾವಿಟ್ಟ ಹೆಸರು ಬಿರುಗಾಳಿ.

ಹಾಲ್‌ನಲ್ಲಿ ಮಾತ್ರ ನಗುವಿಗೆ ಜಾಗವಿರಲಿಲ್ಲ. ಚೀಟಿ ಅಂಟಿದ ಅಂಗಿ ಬಂದರೆ ಎದ್ದು ಗೋಡೆಯ ತನಕ ನಡೆಯಬೇಕು, ನಂಬರು ಹುಡುಕಬೇಕು, ವಾಪಸು ಬಂದು ಕೂರಬೇಕು. ಚೀಟಿ ನಮ್ಮ ಕೈಸೇರುವಷ್ಟರಲ್ಲೇ ಅದೇ ತಪ್ಪಿನ ಇನ್ನೂ ಆರು ಅಂಗಿ ಹೊಲಿದು ಆಗಿರುತ್ತಿತ್ತು. ಅಕ್ಕನ ಮೇಜಿನ ಪಕ್ಕ ನೋಡದ ಅಂಗಿಗಳ ರಾಶಿ ಸೊಂಟದೆತ್ತರ ಬೆಳೆಯಿತು.

ಶನಿವಾರ ಮಧ್ಯಾಹ್ನ ಮ್ಯಾನೇಜರು ಹತ್ತು ಅಂಗಿಗಳನ್ನು ಮೇಜಿನ ಮೇಲಿಟ್ಟರು. ನಮ್ಮ ಕೈಗಳು ಮಿಷನ್ನಿನ ಮೇಲೆ, ಕಿವಿಗಳು ಅಲ್ಲಿ. ಅಕ್ಕ ಒಂದೊಂದನ್ನೂ ಎತ್ತಿ ಎರಡು ಉಸಿರಿನಲ್ಲಿ ಹೇಳಿದರು: ಇದು ಹಲ್ಲು ಕಿರಿದಿದೆ, ಇದಕ್ಕೆ ಹೊಟ್ಟೆ ಬಂದಿದೆ, ಇದು ಮೂತಿ ತಿರುವಿದೆ. ಒಂದೂ ತಪ್ಪಿಲ್ಲ. ನಂಬರು ಕೇಳಿದಾಗ ಮಾತ್ರ ಬಾಯಿಗೆ ಬಂದದ್ದು ಹೇಳಿದರು. ನಾದಿನಿ ಒಬ್ಬಳೇ ಕೈಬಿಡಲಿಲ್ಲ. ಒಂಬತ್ತಕ್ಕೆ ಒಂದು.

ಹತ್ತನೆಯ ಅಂಗಿಯ ಕಂಕುಳನ್ನು ಅಕ್ಕ ಹೆಬ್ಬೆರಳಿನಿಂದ ಸವರಿದರು. “ಇದಕ್ಕೆ ಉಸಿರು ಕಟ್ಟಿದೆ ಸಾರ್.”

ಮ್ಯಾನೇಜರು ನಕ್ಕರು. “ಅಂಥ ದೋಷ ಪಟ್ಟೀಲೇ ಇಲ್ಲ. ನಿಮ್ಮನ್ನ ಪರೀಕ್ಷೆ ಮಾಡೋಕೆ ಬೆಳಗಿನ ರಾಶಿಯಿಂದ ನಾನೇ ಆರಿಸಿ ತಂದ ಒಳ್ಳೇ ಅಂಗಿ ಅದು.”

“ಹಾಗಾದ್ರೆ ಹಾಕ್ಕೊಂಡು ನೋಡಿ. ನಿಮ್ಮ ಅಳತೆದೇ ಇದೆ.”

ಅವರು ಹಿಂದೆಮುಂದೆ ನೋಡಿದರು. ತೋಳಿನ ಮಿಷನ್ನಿನಿಂದ ಬಿರುಗಾಳಿಯ ದನಿ ಬಂತು: “ಹೆದರ್ಕೋಬೇಡಿ ಸಾರ್, ಕಚ್ಚಲ್ಲ!”

ಅವರು ಬಿರಬಿರನೆ ಕೋಣೆಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದರು. ನೋಡಲು ಚೆನ್ನಾಗಿಯೇ ಇತ್ತು.

“ಕೈ ಮೇಲೆತ್ತಿ,” ಎಂದು ಅಕ್ಕ ಸ್ಟೂಲಿನಿಂದ ಎದ್ದರು.

ಅವರು ಅರ್ಧ ಎತ್ತಿದರು.

“ಪೂರ್ತಿ ಎತ್ತಿ ಸಾರ್. ಬಸ್ಸಲ್ಲಿ ಕಂಬಿ ಹಿಡೀತಾರಲ್ಲ, ಹಾಗೆ. ನೀವು ಕಾರಲ್ಲಿ ಬರ್ತೀರಿ, ಈ ಅಂಗಿ ಬಸ್ಸಲ್ಲಿ ಹೋಗುತ್ತೆ.”

ಮ್ಯಾನೇಜರು ಎರಡೂ ಕೈ ಎತ್ತಿದರು. ಪಟಪಟನೆ ದಾರ ಕಿತ್ತು ಬಂತು. ಎರಡೂ ಕಂಕುಳು ಬಾಯಿಬಿಟ್ಟವು.

ಬಿರುಗಾಳಿ ಹಣೆ ಚಚ್ಚಿಕೊಂಡಳು. “ಅಯ್ಯೋ, ದಾರ ಬಿಗಿಯಾಗಿದೆ! ಉಸಿರು ಕಟ್ಟಿದೆ ಅಂತ ಒಂದು ಕೂಗು ಹಾಕಿದ್ರೆ ಬೆಳಗ್ಗೇನೇ ಮಿಷನ್ನಿನ ತಿರುಪು ಸಡಿಲ ಮಾಡ್ತಿದ್ನಲ್ಲ ಅಕ್ಕ!”

“ಏನ್ ಕೂಗ್ಲಿ ತಾಯಿ? ಚೀಟಿ ಅಂಟಿಸೋದ್ರಲ್ಲೇ ಇದೀನಿ, ನಿನ್ನ ರಾಶಿ ಇನ್ನೂ ಮುಟ್ಟೇ ಇಲ್ಲ.”

ಮ್ಯಾನೇಜರು ತೋಳುಗಳನ್ನು ಮೈಗೆ ಒತ್ತಿ ಹಿಡಿದುಕೊಂಡು ದನಿ ಗಟ್ಟಿ ಮಾಡಿದರು. “ಅದು ಬೇರೆ ವಿಷಯ. ನಿಯಮ ಅಂದ್ರೆ ನಿಯಮ. ಸೋಮವಾರದಿಂದ ನೀವು ಇಸ್ತ್ರಿಗೆ.”

ಬಿರುಗಾಳಿ ಪೆಡಲಿನಿಂದ ಕಾಲು ತೆಗೆದಳು. ನಾನೂ ತೆಗೆದೆ. ಕಫ್ ಹೊಲಿಯುವವಳು, ಜೇಬಿನವಳು, ಗುಂಡಿಯವಳು, ಎಲ್ಲರೂ. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ನಲವತ್ತು ಮಿಷನ್ನುಗಳು ಒಂದರ ಹಿಂದೊಂದು ಬಾಯಿ ಮುಚ್ಚಿದವು. ವಾರವಿಡೀ ಮೌನ ಬೇಕು, ಮೌನ ಬೇಕು ಎಂದಿದ್ದವರಿಗೆ ಅದು ಪೂರ್ತಿಯಾಗಿ ಸಿಕ್ಕಿತು.

ನಾನು ಎದ್ದು ನಿಂತೆ. “ಸಾರ್, ಮಿಷನ್ನೆಲ್ಲ ಬಾಯಿ ಮುಚ್ಚಿದಾವೆ. ಈ ದೋಷ ಎಷ್ಟನೇ ನಂಬರು?”

ಅವರು ಗೋಡೆಯ ಪಟ್ಟಿಯ ಕಡೆ ನೋಡಿದರು! ಅಭ್ಯಾಸಬಲ. ಅದನ್ನು ಕಂಡು ಮೊದಲು ನಕ್ಕವರು ಅಕ್ಕ. ಆಮೇಲೆ ಬಿರುಗಾಳಿ, ಆಮೇಲೆ ಇಡೀ ಹಾಲ್. ಮ್ಯಾನೇಜರ ಮುಖ ಒಂದೆರಡು ಕ್ಷಣ ಮೂತಿ ತಿರುವಿತು, ಮುನಿಸಿಕೊಂಡಿತು, ಕಡೆಗೆ ತಾನೂ ಸ್ವಲ್ಪ ಹಲ್ಲು ಕಿರಿಯಿತು.

“ಅಕ್ಕ ಎಲ್ಲಿ ಕೂರ್ತಾರೆ, ಅದನ್ನ ಹೇಳಿ,” ಎಂದೆ ನಾನು.

“ಅಲ್ಲೇ ಕೂರ್ಲಿ,” ಎಂದರು. “ಕೂಗ್ಲಿ. ಆದ್ರೆ ನನಗೂ ಅರ್ಥ ಆಗ್ಬೇಕಲ್ಲ? ಹೇಳ್ತಾ ಹೋಗಿ, ಬರ್ಕೋತೀನಿ.”

ಪಟ್ಟಿಯನ್ನು ಗೋಡೆಯಿಂದ ಕಿತ್ತು ತಂದು, ಕೂರಲು ಹತ್ತಿರದ ಆಸನಕ್ಕೆ ಕೈ ಹಾಕಿದರು.

“ಸಾರ್, ಆ ಸ್ಟೂಲ್ ಬಿಟ್ಟು ಬೇರೆ ತಗೊಳ್ಳಿ,” ಎಂದು ಅಕ್ಕ ತಮ್ಮ ದಿಂಬಿನ ಮೇಲೆ ಭದ್ರವಾಗಿ ಕೂತರು.

ಮ್ಯಾನೇಜರು ಅಂಗಿಗಳ ರಾಶಿಯ ಮೇಲೆಯೇ ಕೂತು ಬರೆಯತೊಡಗಿದರು. ಕೈ ಆಡಿಸಿದಾಗಲೆಲ್ಲ ಕಂಕುಳಿನ ಕಿಟಕಿ ತೆರೆದು ಮುಚ್ಚುತ್ತಿತ್ತು. ಒಂದೊಂದೇ ನಂಬರು ಹೊಡೆದುಹಾಕಿ, ಪಕ್ಕದಲ್ಲಿ ನಮ್ಮ ಮಾತು ಬರೆದರು.

“ಇಪ್ಪತ್ತೊಂಬತ್ತು, ಮುನಿಸಿಕೊಂಡಿದೆ. ಇದನ್ನೂ ಹೊಡೆದುಹಾಕ್ಲಾ?”

“ಅದೊಂದು ಇರ್ಲಿ ಸಾರ್,” ಎಂದರು ಅಕ್ಕ. “ನಾದಿನಿ ಬೇಜಾರು ಮಾಡ್ಕೋತಾಳೆ.”