ಅಣೆಕಟ್ಟಿನ ಪಾಠ

"ಊರಿನವ್ರು ನೆಲಾನ ಖುಷಿಯಿಂದ ಬಿಟ್ಕೊಟ್ರು ಕಣಯ್ಯಾ! ನಂಗೆ ಮೇಷ್ಟ್ರೇ ಹೇಳಿಕೊಟ್ಟಿದ್ದು," ಎಂದು ಶವದ ಗಾಡಿಯ ಗಾಜು ಒರೆಸುತ್ತಲೇ ಚಾಲಕ ದನಿ ಏರಿಸಿದ.

"ಲಾಠಿ ಬೀಸಿ ಓಡಿಸಿದ್ರು ಅಂತ ನಮಗೆ ಹೇಳಿಕೊಟ್ರಲ್ಲ! ಅದೇ ಮೇಷ್ಟ್ರು, ಅದೇ ಕ್ಲಾಸು," ಎಂದು ಕ್ಷೌರಿಕನೂ ಬಿಡಲಿಲ್ಲ. ಬೆಳಗ್ಗೆ ತಾನೇ ಮೇಷ್ಟ್ರ ಗಡ್ಡ ತೆಗೆದು ಕೊನೆಯ ಸಲ ಮುಖ ಒರೆಸಿದವನು ಅವನು.

ಜಗಳ ಅಣೆಕಟ್ಟಿನದು. ದೇಶದ ಪ್ರಗತಿ ಎಂಬ ಪಾಠದಲ್ಲಿ, ಮುಳುಗಿದ ಊರಿನವರು ಮನಸಾರೆ ಎದ್ದು ಹೋದರು ಎಂದು ಮೊದಲಿತ್ತು. ಸರ್ಕಾರ ಬದಲಾಯಿತು, ಪಾಠವೂ ಬದಲಾಯಿತು. ಮೂರನೆಯ ಸರ್ಕಾರ ಬಂದು ಆ ಪುಟವನ್ನೇ ಕಿತ್ತುಹಾಕಿತು. ಚರಿತ್ರೆ ಮೇಷ್ಟ್ರು ಮೂರಕ್ಕೂ ತಲೆಯಾಡಿಸಿ, ಕೊಟ್ಟಿದ್ದನ್ನು ಕಲಿಸಿ ನಿವೃತ್ತರಾದರು.

ಮೇಷ್ಟ್ರ ಮಗಳು ಬಾಗಿಲಿಗೊರಗಿ ನಿಂತಿದ್ದಳು. ಹೊರಡುವ ಮುಂಚೆ ಅಪ್ಪನ ಬಗ್ಗೆ ನಾಲ್ಕು ಮಾತಾಡು ಎಂದು ಎಲ್ಲರೂ ದುಂಬಾಲು ಬಿದ್ದಿದ್ದರು. ಏನೆಂದು ಆಡುವುದು? ಸುಳ್ಳು ಹೊಗಳಲು ನಾಲಿಗೆ ಏಳದು. ನಿಜ ಹೇಳಿದರೆ ಸತ್ತವನ ಮಾನ ಹೋಗುತ್ತದೆ.

*

ಹದಿನಾರರಲ್ಲಿ ಅವಳು ಹಳೆಯ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಅಪ್ಪನ ಮುಂದೆ ಹರಡಿ, "ಯಾವುದಪ್ಪಾ ನಿಜ?" ಎಂದಿದ್ದಳು.

"ಎರಡೂ ಓದು. ಪರೀಕ್ಷೇಲಿ ಹೊಸದನ್ನ ಬರಿ."

"ಹೆದರುಪುಕ್ಕಲ!"

ಅಪ್ಪ ಸಿಟ್ಟಾಗಲಿಲ್ಲ. ಅಂದಿನಿಂದ ಇಬ್ಬರ ಮಾತು ಊಟ, ಔಷಧಿಯಷ್ಟಕ್ಕೇ ನಿಂತಿತು. ಪ್ರೀತಿ ಇರಲಿಲ್ಲವೆಂದಲ್ಲ, ಮರ್ಯಾದೆ ಇರಲಿಲ್ಲ. ಅದೇ ಅವಳ ನೋವು.

*

"ನಮ್ಮ ಪುಸ್ತಕದಲ್ಲಿ ಅಣೆಕಟ್ಟೇ ಇರ್ಲಿಲ್ಲ," ಎಂದು ಚಾಲಕ, ಕ್ಷೌರಿಕರ ನಡುವೆ ಬಾಯಿ ಹಾಕಿದಳು, ಬೀದಿ ತುದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. "ಅದಕ್ಕೇ ಒಂದು ಬೇಸಿಗೇಲಿ ನೀರು ಇಳಿದಾಗ ಮೇಷ್ಟ್ರು ನಮ್ಮನ್ನ ಅಲ್ಲಿಗೇ ಕರ್ಕೊಂಡು ಹೋದ್ರು. ಕೆಸರಲ್ಲಿ ಒಂದು ಹೊಸ್ತಿಲು ತೋರಿಸಿ, 'ಇದು ನಮ್ಮನೆ' ಅಂದ್ರು."

ಮಗಳು ತಲೆ ಎತ್ತಿದಳು. "ಯಾರ ಮನೆ?"

"ನಿಮ್ಮದೇ ಅಕ್ಕಾ. ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹುಟ್ಟಿದೂರು ಯಾವುದೆಂದು ಕೇಳಿದರೆ ಅಪ್ಪ "ದೂರ" ಎಂದು ಮಾತು ಹಾರಿಸುತ್ತಿದ್ದ.

"'ಊರೂರಿಗೆ ಕರೆಂಟು ಬರುತ್ತೆ ಅಂತ ನಮ್ಮಪ್ಪ ಖುಷಿಯಿಂದಲೇ ಕೊಟ್ಟ. ನಮ್ಮಮ್ಮನ್ನ ಪೊಲೀಸರು ಎಳ್ಕೊಂಡು ಬಂದ್ರು. ಇಬ್ಬರಲ್ಲಿ ಯಾರನ್ನ ಸುಳ್ಳು ಅನ್ನಲಿ?' ಅಂದ್ರು. ಆಮೇಲೆ ಅತ್ತುಬಿಟ್ರು ಅಕ್ಕಾ, ನಮ್ಮೆಲ್ಲರ ಮುಂದೇನೇ."

ಚಾಲಕ ಗಾಜು ಒರೆಸುವ ಬಟ್ಟೆ ಮಡಚಿಟ್ಟ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇನ್ನೊಂದು ಪ್ರಶ್ನೆ ಕೇಳದೆ ಹೋದೆನಲ್ಲ ಎಂದು ಮಗಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ನಾಲ್ಕು ಮಾತಿಗೆ ಕಾದು ನಿಂತವರ ಕಡೆ ತಿರುಗಿ, "ಅಣೆಕಟ್ಟಿನ ದಾರೀಲಿ ಹೋಗೋಣ," ಎಂದಳು. ಅಷ್ಟೇ.

ಕಟ್ಟೆಯ ಮೇಲೆ ಚಾಲಕ ಗಾಡಿ ನಿಲ್ಲಿಸಿದ. ನೀರು ಅಂಚಿನ ತನಕ ತುಂಬಿತ್ತು, ಊರಿನ ಯಾವ ಗುರುತೂ ಇರಲಿಲ್ಲ. ಹೊಲಿಗೆಯವಳು ಕೈ ಚಾಚಿ, "ಅಲ್ಲಿ... ಅಲ್ಲ, ಸ್ವಲ್ಪ ಆ ಕಡೆ," ಎಂದು ಬೆರಳು ಸರಿಸುತ್ತಿದ್ದಳು. ಮಗಳು ಅವಳ ಭುಜಕ್ಕೆ ಕೆನ್ನೆ ಒತ್ತಿ, ಆ ತೋಳಿನ ಉದ್ದಕ್ಕೂ ನೋಡತೊಡಗಿದಳು.